‘ಆಗಿಬರಲ್ಲ’ ಅನ್ನುವ ಮಾತಿನೊಳಗಿನ ಎರಡು ಚರಿತ್ರೆ

‘ನಂಗೆ ಸಿಗಡಿ ಆಗಿಬರಲ್ಲ’, ‘ನಂಗೆ ಹಾಲು ಆಗಿಬರಲ್ಲ’ – ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ಊರಿನ ಅಜ್ಜಿಯರಂತೂ ಬದನೆಕಾಯಿ, ಒಣಮೀನು ಎಲ್ಲವನ್ನೂ ‘ನಂಜು’ ಅಂತ ಒಂದೇ ಬುಟ್ಟಿಗೆ ಹಾಕ್ತಿದ್ದರು. ಆದರೆ ಸಿಗಡಿ ಅಲರ್ಜಿ ಪ್ರಾಣ ತೆಗೆಯಬಹುದು. ಹಾಲು ಅರಗದಿದ್ದರೆ ಹೊಟ್ಟೆ ಕೆಡುತ್ತದೆ, ಅಷ್ಟೇ. ಈ ವ್ಯತ್ಯಾಸ ಬಿಡಿಸಲು ವೈದ್ಯರಿಗೇ ಅರ್ಧ ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ, ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೊದಲ ಸಲ ತಡಕೊಂಡ ನಾಯಿ, ಕೆಲವು ವಾರ ಬಿಟ್ಟು ಸ್ವಲ್ಪವೇ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ಮೈ ಒಗ್ಗಿಕೊಳ್ಳುವ ಬದಲು ಹಗೆ ಸಾಧಿಸಿತ್ತು! 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ‘ಅಲರ್ಜಿ’ ಎಂಬ ಪದ ಹುಟ್ಟಿಸಿದರು.

ನನಗೆ ತುಂಬಾ ಇಷ್ಟವಾದ ಪ್ರಯೋಗ 1921ರದ್ದು. ಜರ್ಮನಿಯ ಕುಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಗೆಳೆಯ ಪ್ರೌಸ್ನಿಟ್ಸ್ ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡು, ಮರುದಿನ ಅಲ್ಲಿಗೇ ಮೀನಿನ ಸಾರ ಕೊಟ್ಟು ನೋಡಿದರು. ದದ್ದು ಎದ್ದಿತು! ಅಂದರೆ ದೋಷ ಹೊಟ್ಟೆಯದಲ್ಲ, ರಕ್ತದಲ್ಲಿರುವ ಏನೋ ಒಂದರದ್ದು. ಆ ‘ಏನೋ’ ಐಜಿಇ ಎಂಬ ಪ್ರತಿಕಾಯ ಅಂತ 1966ರಲ್ಲಿ ತೋರಿಸಿದವರು ಜಪಾನಿನ ಇಶಿಜಾಕಾ ದಂಪತಿ.

ಇಲ್ಲಿಗೆ ನಮ್ಮ ಬೆಂಗಳೂರೂ ಬರುತ್ತದೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು, ಬೇಯಿಸಿದರೂ ಕೆಡದ ಸಿಗಡಿಯ ಅಲರ್ಜಿಕಾರಕಗಳನ್ನು 1989ರಲ್ಲಿ ಬೇರ್ಪಡಿಸಿದರು. 1993ರಲ್ಲಿ ಅಮೆರಿಕದವರ ಜೊತೆ ಸೇರಿ, ಮುಖ್ಯ ಅಪರಾಧಿ ಸಿಗಡಿಯ ಸ್ನಾಯುವಿನ ಟ್ರೋಪೊಮಯೋಸಿನ್ ಎಂಬ ಪ್ರೋಟೀನು ಅಂತ ಗುರುತಿಸಿದರು. ಚೆನ್ನಾಗಿ ಬೇಯಿಸಿದ್ರೆ ಏನಾಗಲ್ಲ ಬಿಡು ಅನ್ನೋರಿಗೆ ಉತ್ತರ ನಮ್ಮೂರಿಂದಲೇ ಸಿಕ್ಕಿದೆ.

ಹಾಲಿನ ಕಥೆಯಲ್ಲಿ ಪ್ರತಿಕಾಯದ ಸುದ್ದಿಯೇ ಇಲ್ಲ. ಹಾಲಿನ ಸಕ್ಕರೆಯನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಅದರ ಕೊರತೆ ದೊಡ್ಡವರಲ್ಲೂ ಇದೆ ಅಂತ 1960ರ ದಶಕದಲ್ಲಿ ಕಂಡಾಗ ಅದನ್ನು ರೋಗ ಅಂದುಕೊಂಡರು. ಆಮೇಲೆ ನೋಡಿದರೆ ಪ್ರಪಂಚದ ಬಹುಪಾಲು ದೊಡ್ಡವರು ಹಾಗೇ! ಮಲಯ, ಚೀನೀ ಗೆಳೆಯರಲ್ಲಿ ಬಹಳ ಜನ, ನಮ್ಮಲ್ಲೂ ಎಷ್ಟೋ ಜನ. ಇಲ್ಲಿ ಲೆಕ್ಕ ಪ್ರಮಾಣದ್ದು. ಒಂದು ತೆ ತಾರಿಕ್ ಸಲೀಸು, ಮೂರನೆಯದಕ್ಕೆ ಹೊಟ್ಟೆ ಗುಡುಗುಡು. ಮೊಸರಲ್ಲಿ ಆ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ಸ್ವಲ್ಪ ತಿಂದಿರುವುದರಿಂದ ಅದು ಎಷ್ಟೋ ಜನಕ್ಕೆ ಆಗುತ್ತದೆ. ಆದರೆ ಹಾಲಿನ ಪ್ರೋಟೀನಿಗೇ ಅಲರ್ಜಿ ಇದ್ದವರಿಗೆ ಮೊಸರೂ ಬೇಡ.

ಅಲರ್ಜಿಗೆ ಪ್ರಮಾಣದ ಹಂಗು ಕಡಿಮೆ, ಚಮಚದ ತುದಿಯಷ್ಟೂ ಸಾಕಾಗಬಹುದು. ಮಲೇಷ್ಯಾದಲ್ಲಿ ಅದು ಕಣ್ಣಿಗೆ ಬೀಳೋದೂ ಇಲ್ಲ: ಸೊಪ್ಪು ಅಂತ ತಗೊಂಡ ಕಾಂಗ್‌ಕುಂಗಲ್ಲಿ, ನಾಸಿ ಲೆಮಾಕ್‌ನ ಸಾಂಬಾಲಲ್ಲಿ ಬೆಲಾಚಾನ್ ಇರುತ್ತದೆ. ಅದು ಸಿಗಡಿಯನ್ನೇ ಉಪ್ಪು ಹಾಕಿ ಹುದುಗಿಸಿದ್ದು. ತಿಂದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ತುಟಿ-ನಾಲಿಗೆ ಊತ, ಉಬ್ಬಸ, ತಲೆಸುತ್ತು ಬಂದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. 999ಕ್ಕೆ ಫೋನ್ ಮಾಡಿ. ಆಗ ಬೇಕಾದ್ದು ಅಡ್ರಿನಲಿನ್ ಇಂಜೆಕ್ಷನ್.

ಅಂಗಡಿಯಲ್ಲಿ ಹೇಳಲು ಮೂರೇ ಪದ ಸಾಕು: ‘ಸಾಯಾ ಅಲರ್ಜಿ ಉದಾಂಗ್.’ ಉದಾಂಗ್ ಅಂದರೆ ಸಿಗಡಿ. ‘ಬೆಲಾಚಾನ್ ಅದಾ?’ ಅಂತಲೂ ಒಮ್ಮೆ ಕೇಳಿಬಿಡಿ, ಯಾಕಂದ್ರೆ ಹಾಕಿದವರಿಗೆ ಅದು ಸಿಗಡಿ ಅನ್ನೋದು ನೆನಪಿರಲ್ಲ.