ಹುಸೇನ್ ಸಾಗರದ ಪ್ರತಿಮೆಗಳು: ಆಯ್ಕೆ, ಅನುದಾನ ಮತ್ತು ಸಮ್ಮತಿ

ನಗರವೊಂದು ತನ್ನ ಬೀದಿಯಲ್ಲಿ ಯಾರ ಪ್ರತಿಮೆಯನ್ನು ನಿಲ್ಲಿಸುತ್ತದೆ ಎಂಬುದರೊಂದಿಗೆ, ಅದಕ್ಕೆ ಸಾರ್ವಜನಿಕ ಹಣವು ಯಾವ ನಿಯಮದ ಮೇರೆಗೆ ವ್ಯಯವಾಗುತ್ತದೆ ಎಂಬುದನ್ನೂ ಚರಿತ್ರೆಯ ಅಭ್ಯಾಸಿಗಳು ಕೇಳಬೇಕಾಗುತ್ತದೆ. ಫ್ರಾನ್ಸ್ ದೇಶವು 1951ರಲ್ಲಿ ಶಿಕ್ಷಣಸಂಸ್ಥೆಗಳ ಕಟ್ಟಡವೆಚ್ಚದ ಶೇಕಡಾ ಒಂದು ಭಾಗವನ್ನು ಕಲೆಗೆ ಮೀಸಲಿಟ್ಟಿತು. ಅಮೆರಿಕದ ಫಿಲಡೆಲ್ಫಿಯಾ ನಗರವು 1959ರಲ್ಲಿ ಇದೇ ಬಗೆಯ ನಿಯಮವನ್ನು ರೂಪಿಸಿತು. ದೆಹಲಿಯ ನಗರ ಕಲಾ ಆಯೋಗಕ್ಕೆ 1973ರ ಅಧಿನಿಯಮವು ಸಲಹೆ ಮತ್ತು ಪರಿಶೀಲನೆಯ ಹೊಣೆಯನ್ನು ವಹಿಸಿತು. ಹೈದರಾಬಾದಿನ ಹುಸೇನ್ ಸಾಗರದ ಏರಿಯ ಮೇಲೆ ನಾವು ಕಾಣುವುದು ಬೇರೊಂದು ಮಾರ್ಗವನ್ನು. ಇಲ್ಲಿ ಆಳುವವರ ಸಂಕಲ್ಪವೇ ಆಯ್ಕೆಯಾಯಿತು, ಸರಕಾರದ ಬೊಕ್ಕಸವೇ ಅನುದಾನವಾಯಿತು.

1983ರಲ್ಲಿ ತೆಲುಗರ ಆತ್ಮಗೌರವದ ಘೋಷಣೆಯೊಂದಿಗೆ ಅಧಿಕಾರಕ್ಕೆ ಬಂದ ಎನ್.ಟಿ. ರಾಮರಾವ್ ಅವರು ಆ ದಶಕದಲ್ಲಿಯೇ ಈ ಏರಿಯ ಮೇಲೆ ಮೂವತ್ತಕ್ಕೂ ಹೆಚ್ಚು ಪ್ರತಿಮೆಗಳನ್ನು ಸ್ಥಾಪಿಸಿದರು. ಕೆರೆಯ ನಡುವೆ ನಿಲ್ಲಿಸಲೆಂದು ಗಣಪತಿ ಸ್ಥಪತಿಯವರಿಂದ ಏಕಶಿಲಾ ಬುದ್ಧನನ್ನು ಕಡೆಯಿಸಿದರು. 1990ರಲ್ಲಿ ಸಾಗಿಸುವಾಗ ಆ ವಿಗ್ರಹ ನೀರುಪಾಲಾಯಿತು, ಕೆಲಸಗಾರರು ಪ್ರಾಣ ತೆತ್ತರು. ಅದು ಮೇಲೆದ್ದು ನಿಂತದ್ದು 1992ರಲ್ಲಿ, ಅದನ್ನು ಸಂಕಲ್ಪಿಸಿದವರು ಅಧಿಕಾರದಿಂದ ಇಳಿದ ಮೇಲೆ.

ಕನ್ನಡದ ಸಂಶೋಧಕರು ಈ ಪ್ರತಿಮಾವಳಿಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಇಬ್ಬರಿದ್ದಾರೆ. ಒಬ್ಬನು ಶ್ರೀಕೃಷ್ಣದೇವರಾಯ: 'ಕನ್ನಡರಾಜ್ಯ ರಮಾರಮಣ' ಎಂಬ ಬಿರುದುಳ್ಳವನು, ತೆಲುಗಿನಲ್ಲಿ 'ಆಮುಕ್ತಮಾಲ್ಯದ'ವನ್ನು ರಚಿಸಿದವನು. ಇನ್ನೊಬ್ಬರು ತೆಲುಗು, ಕನ್ನಡ, ಇಂಗ್ಲಿಷ್ ರಂಗಭೂಮಿಗಳಲ್ಲಿ ಅಭಿನಯಿಸಿದ ಬಳ್ಳಾರಿ ರಾಘವ. ಅವರ ಊರು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಒಂದು ಭಾಷೆಯ ಅಭಿಮಾನಕ್ಕಾಗಿ ಸಿದ್ಧವಾದ ಪಟ್ಟಿಯೂ ಆ ಭಾಷೆಯ ಗಡಿಯೊಳಗೆ ನಿಲ್ಲಲಾರದೆಂಬುದಕ್ಕೆ ಈ ಇಬ್ಬರೇ ಸಾಕ್ಷಿ.

ಆದರೆ ಪಟ್ಟಿಯ ಹೊರಗೆ ಉಳಿದವರ ಪ್ರಶ್ನೆ ಉಳಿದೇ ಇತ್ತು. ಪ್ರತ್ಯೇಕ ತೆಲಂಗಾಣದ ಬೇಡಿಕೆಗಾಗಿ 2011ರ ಮಾರ್ಚ್ 10ರಂದು ಇದೇ ಏರಿಯ ಮೇಲೆ ನಡೆದ ಮಹಾಪ್ರದರ್ಶನದಲ್ಲಿ ಅನ್ನಮಯ್ಯ, ಶ್ರೀಶ್ರೀ, ಜಾಷುವಾ ಮೊದಲಾದವರ ಪ್ರತಿಮೆಗಳು ಉರುಳಿದವು. ಕವಿಗಳ ಮೇಲಿನ ಈ ಆಕ್ರಮಣವನ್ನು ನಾವು ಸಮರ್ಥಿಸುವುದಿಲ್ಲ. ಜಾತಿಯ ಅವಮಾನವನ್ನು ಕಾವ್ಯದಲ್ಲಿ ಎದುರಿಸಿದ ಜಾಷುವಾ ಅವರೂ ಆ ದಿನ ಒಂದು ಪ್ರಾಂತದ ಪ್ರತಿನಿಧಿಯಾಗಿ ಮಾತ್ರ ಕಂಡರೆಂಬುದು ದುಃಖದ ಸಂಗತಿ. ಆದರೂ ತಮ್ಮ ನೆಲದ ಹಿರಿಯರಿಗೆ ಅಲ್ಲಿ ತಕ್ಕ ಸ್ಥಾನವಿಲ್ಲವೆಂಬ ಪ್ರದರ್ಶನಕಾರರ ದೂರನ್ನು ಮೊದಲೇ ಕೇಳಬಲ್ಲ ವೇದಿಕೆಯೊಂದು ಇದ್ದಿದ್ದರೆ ಎಂಬ ವಿಚಾರ ಮನಸ್ಸಿಗೆ ಬಾರದಿರದು.

2014ರಲ್ಲಿ ತೆಲಂಗಾಣ ರಾಜ್ಯ ಉದಯಿಸಿತು. 2023ರ ಏಪ್ರಿಲ್ 14ರಂದು ಅದೇ ಕೆರೆಯ ಬಳಿ 125 ಅಡಿ ಎತ್ತರದ ಅಂಬೇಡ್ಕರ್ ಪ್ರತಿಮೆ ಸರಕಾರದ ವೆಚ್ಚದಲ್ಲಿಯೇ ಅನಾವರಣಗೊಂಡಿತು. ರಾಜ್ಯ ಬದಲಾಯಿತು, ಸ್ಮರಿಸಬೇಕಾದವರ ಆಯ್ಕೆ ವಿಸ್ತರಿಸಿತು. ಆಯ್ಕೆ ಮತ್ತು ಅನುದಾನ ಒಂದೇ ಕೈಯಲ್ಲಿರುವ ಪದ್ಧತಿ ಮಾತ್ರ ಮುಂದುವರಿಯಿತು. ಸಾರ್ವಜನಿಕ ಕಲೆಗೆ ಹಣವನ್ನು ಆದೇಶದಿಂದ ಒದಗಿಸಬಹುದು, ಸಮ್ಮತಿಯನ್ನು ಒದಗಿಸಲಾಗದು. ನಗರದ ಕಲಾನೀತಿಯೆಂಬುದು ಆರಂಭವಾಗಬೇಕಾದದ್ದು ಈ ಅರಿವಿನಿಂದಲೇ ಎಂದು ನಾವು ಭಾವಿಸುತ್ತೇವೆ.