ಸ್ಕೂಲ್ ಬೋರ್ಡುಗಳ ಸಂಕಟವೂ ಸರಕಾರದ ಆಸರೆಯೂ

ಹಳ್ಳಿಯ ಸಾಲೆಯನ್ನು ನಡೆಯಿಸುವವರಾರು, ಮಾಸ್ತರರ ಸಂಬಳವನ್ನು ಕೊಡುವವರಾರು ಎಂಬೆರಡು ಪ್ರಶ್ನೆಗಳಿಗೆ ಒಂದೇ ಉತ್ತರವಿರಬೇಕೆಂಬುದು ಸಹಜವಾದ ಎಣಿಕೆಯು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಅನೇಕ ವರ್ಷಗಳ ವರೆಗೆ ಹಾಗೆ ಇರಲಿಲ್ಲ.

ಒಕ್ಕಲಿಗನು ಭೂಕಂದಾಯದ ರೂಪಾಯಿಗೆ 1 ಆಣೆಯಂತೆ ಲೋಕಲ್ ಫಂಡಿನ ಪಟ್ಟಿಯನ್ನು ಕೊಡುತ್ತಿದ್ದನು. ಅದರಲ್ಲಿ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ ಸಲ್ಲುತ್ತಿದ್ದಿತು. ಆದರೂ ಸಾಲೆಗಳ ಸೂತ್ರವು ವಿದ್ಯಾಖಾತೆಯ ಕೈಯಲ್ಲಿಯೇ ಇದ್ದಿತು. 1919ರ ಸುಧಾರಣೆಗಳಿಂದ ಶಿಕ್ಷಣವು ಭಾರತೀಯ ಮಂತ್ರಿಗಳ ಸ್ವಾಧೀನಕ್ಕೆ ಬರಲು, 1923ರ ಪ್ರಾಥಮಿಕ ಶಿಕ್ಷಣದ ಕಾಯದೆಯು ಜಿಲ್ಲಾ ಲೋಕಲ್ ಬೋರ್ಡುಗಳ ಸ್ಕೂಲ್ ಬೋರ್ಡುಗಳಿಗೆ ಸಾಲೆಗಳನ್ನು ಒಪ್ಪಿಸಿತು. ಸಕ್ತಿಯ ಶಿಕ್ಷಣದ ಯೋಜನೆಗಳಿಂದ ಹೆಚ್ಚುವ ವೆಚ್ಚದಲ್ಲಿ ಮೂರರಲ್ಲೆರಡು ಪಾಲನ್ನು ಲೋಕಲ್ ಬೋರ್ಡುಗಳಿಗೆ ತಾನು ಕೊಡುವೆನೆಂದು ಸರಕಾರವು ಮಾತು ಕೊಟ್ಟಿದ್ದಿತು. ಆ ಮಾತನ್ನು ನಂಬಿಯೇ ಬೋರ್ಡುಗಳು ಭಾರವನ್ನು ಹೊತ್ತವು.

ಆದರೆ ಬೊಕ್ಕಸದಲ್ಲಿ ಹಣವಿಲ್ಲದೆ ಯೋಜನೆಗಳಿಗೆ ಮಂಜೂರಿಯೇ ದೊರೆಯದಾಯಿತು. 1930ರ ಸುಮಾರಿಗೆ ಪೈರಿನ ಬೆಲೆ ಕುಸಿದಾಗ ಅನುದಾನಕ್ಕೂ ಕತ್ತರಿ ಬಿದ್ದಿತು. ರೈತನ ಕೈಯೇ ಬರಿದಾಗಿರುವಾಗ ಬೋರ್ಡು ಹೊಸ ಪಟ್ಟಿಯನ್ನು ಯಾರ ಮೇಲೆ ಹಾಕಬೇಕು? ಮಾಸ್ತರರ ವರ್ಗಾವಣೆಗಳಲ್ಲಿ ಪಕ್ಷಪಾತವು ನಡೆಯುವದೆಂಬ ದೂರು ಬೇರೆ. ಅದು ಸುಳ್ಳೆಂದು ಹೇಳಲಾಗದು. ಅಧಿಕಾರವನ್ನು ಸ್ಥಾನಿಕ ಸಂಸ್ಥೆಗಳಿಗೆ ಅತಿಯಾಗಿ ಬಿಟ್ಟುಕೊಟ್ಟುದೇ ತಪ್ಪೆಂದು 1929ರಲ್ಲಿ ಹಾರ್ಟಾಗ್ ಸಮಿತಿಯು ಅಭಿಪ್ರಾಯಪಟ್ಟಿತು. ಹಣದ ಕೊರತೆಯ ದೋಷವನ್ನು ಹೀಗೆ ಆಡಳಿತದ ತಲೆಗೆ ಕಟ್ಟುವದು ಪೂರ್ಣ ನ್ಯಾಯವಲ್ಲ.

ಬಾಳಾಸಾಹೇಬ ಖೇರರ ಮಂತ್ರಿಮಂಡಲವು 1938ರಲ್ಲಿ ಕಾಯದೆಯನ್ನು ತಿದ್ದಿ, ಬೋರ್ಡಿನ ಆಡಳಿತಾಧಿಕಾರಿಯನ್ನು ಸರಕಾರದ ನೌಕರನನ್ನಾಗಿ ಮಾಡಿ, ತಪಾಸಣೆಯನ್ನೂ ಮರಳಿ ತೆಗೆದುಕೊಂಡಿತು. 1947ರ ಹೊಸ ಕಾಯದೆಯು ಮುಂದುವರಿದು, ಲೋಕಲ್ ಬೋರ್ಡು ಕೊಡತಕ್ಕ ಪಾಲನ್ನು ಗೊತ್ತುಮಾಡಿ, ಉಳಿದ ಭಾರವನ್ನೆಲ್ಲ ಸರಕಾರದ ಮೇಲೆಯೇ ಹಾಕಿತು. ಬಡ ಬೋರ್ಡುಗಳು ಉಸಿರಾಡಿದವು. ಸಂಬಳಕ್ಕೆ ಬೋರ್ಡಿನ ತಿಜೋರಿಯ ಕಡೆಗೆ ನೋಡುವ ಕಷ್ಟವು ಮಾಸ್ತರರಿಗೆ ತಪ್ಪಿತು. ಆದರೆ ಸಾಲೆಯ ವಿಷಯದಲ್ಲಿ ಊರ ಪ್ರತಿನಿಧಿಯ ಮಾತಿನ ತೂಕವೂ ಅಷ್ಟರ ಮಟ್ಟಿಗೆ ಇಳಿಯಿತು.

ಮೈಸೂರು ಸಂಸ್ಥಾನದ ದಾರಿಯು ಇನ್ನೂ ನೇರವಾಗಿದ್ದಿತು. ಅಲ್ಲಿ 1930ರ ಶಾಸನದಿಂದ ಸ್ಥಾನಿಕ ಸಂಸ್ಥೆಗಳಿಗೆ ಕೊಟ್ಟ ಪ್ರಾಥಮಿಕ ಸಾಲೆಗಳನ್ನು 1941ರ ಶಾಸನದಿಂದ ಸರಕಾರವು ತನ್ನ ಕೈಗೇ ತೆಗೆದುಕೊಂಡಿತು. 1956ರಲ್ಲಿ ಕನ್ನಡ ನಾಡುಗಳು ಒಂದಾದಾಗ ಈ ಎರಡು ಪದ್ಧತಿಗಳು ಒಂದೇ ರಾಜ್ಯದಲ್ಲಿ ಎದುರುಬದುರಾದವು; ಎಲ್ಲ ಜಿಲ್ಲೆಗಳಿಗೂ ಸಲ್ಲುವ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯದೆಯು 1961ರಲ್ಲಿ ಬಂದಿತು.