ಜನಮತಗಣನೆ: ಗೈರುಹಾಜರಿಯ ಬೆಲೆ

ಸಿರಿಗೆರೆಯಂಥ ಊರಿನ ಗ್ರಾಮಸಭೆಗೂ ಕೋರಂ ಬೇಕೆಂಬುದನ್ನು ನಾವು ಬಲ್ಲೆವು. ಹಲವು ದೇಶಗಳ ಜನಮತಗಣನೆಗೂ ಇಂಥದೇ ನಿಯಮವಿದೆ.

2015ರ ಫೆಬ್ರವರಿಯಲ್ಲಿ ಸ್ಲೊವಾಕಿಯಾದಲ್ಲಿ ಮತ ಹಾಕಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ, ಸ್ತ್ರೀಪುರುಷರ ಬಂಧವೇ ವಿವಾಹ ಎಂದರು. ಆದರೆ ಮತಗಟ್ಟೆಗೆ ಬಂದವರು ಶೇ. 21, ಬೇಕಿದ್ದುದು ಶೇ. 50. ಫಲಿತಾಂಶ ಅಸಿಂಧುವಾಯಿತು. 2005ರಲ್ಲಿ ಇಟಲಿಯ ಧರ್ಮಾಧ್ಯಕ್ಷರು ಕೃತಕ ಗರ್ಭಧಾರಣೆ ಕಾನೂನಿನ ಸಡಿಲಿಕೆ ತಡೆಯಲು ಮತದಾನದಿಂದ ದೂರವಿರಲು ಕರೆಕೊಟ್ಟರು. ಕೋರಂ ಸಿಗದೆ ಪ್ರಸ್ತಾಪ ಬಿತ್ತು.

ಐರ್ಲೆಂಡಿನಲ್ಲಿ ಕೋರಂ ಇಲ್ಲ. 2015ರ ಮೇ ತಿಂಗಳಲ್ಲಿ ಸುಮಾರು ಶೇ. 60 ಮಂದಿ ಮತ ಹಾಕಿದರು; ಅವರಲ್ಲಿ ಶೇ. 62 ಮಂದಿ ಸಲಿಂಗ ವಿವಾಹವನ್ನು ಒಪ್ಪಿದರು. ಮನೆಯಲ್ಲಿ ಕೂತವರ ಅಭಿಪ್ರಾಯ ಲೆಕ್ಕಕ್ಕೆ ಬರಲಿಲ್ಲ.

ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಅವಕಾಶವಿಲ್ಲ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಈ ಪ್ರಶ್ನೆಯನ್ನು ಸಂಸತ್ತಿಗೆ ಬಿಟ್ಟಿತು. ಸಂಸತ್ತನ್ನು ಆರಿಸುವವರು ನಾವೇ.